ಎಂಟನೆಯ ಕುಳಿ

ವರ್ಷಕ್ಕೊಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗುತ್ತೇನೆ. ಬಿಸಿಲೇರುವ ಮೊದಲೇ ಮೇಗುತಿ ಗುಡ್ಡ ಹತ್ತಿ, 634ರಲ್ಲಿ ರವಿಕೀರ್ತಿ ಬರೆಸಿದ ಶಾಸನವನ್ನು ತೋರಿಸುತ್ತೇನೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿದ ಈ ಕವಿ, ಕೊನೆಗೆ ತನ್ನನ್ನೂ ಬಿಡದೆ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ ಎಂದಾಗ ಮಕ್ಕಳು ನಗುತ್ತಾರೆ. ಆಮೇಲೆ ಗುಡಿಯ ಹಿಂದಿನ ಬಯಲಿಗೆ ಹೋಗುತ್ತೇವೆ. ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಸಮಾಧಿಗಳು ಅಲ್ಲಿವೆ. ಬೃಹತ್ ಶಿಲಾಯುಗದವು. ರವಿಕೀರ್ತಿ ಹುಟ್ಟುವ ಎಷ್ಟೋ ಶತಮಾನ ಮೊದಲೇ ನಿಂತವು.

ಕಳೆದ ಸಲ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಇವು ಸತ್ತವರ ಮನಿ. ಬದುಕಿದ್ದವರ ಮನಿ ಎಲ್ಲಿ?’

ಅವರ ಮನೆಗಳು ಮರ, ಮಣ್ಣು, ಹುಲ್ಲಿನವು, ಹೋಗಿಬಿಟ್ಟವು, ಉಳಿದರೆ ನೆಲದಲ್ಲಿ ಕಂಬ ನೆಟ್ಟ ಕುಳಿಗಳಷ್ಟೇ ಉಳಿದಿರುತ್ತವೆ ಎಂದೆ. ಅಷ್ಟು ಹೇಳಿ ಸುಮ್ಮನಾದೆ. ಇಪ್ಪತ್ತು ವರ್ಷದ ಹಿಂದಿನ ಒಂದು ಕುಳಿ ನೆನಪಾಗಿತ್ತು.

ಆಗ ನಾನು ಪುರಾತತ್ವದ ವಿದ್ಯಾರ್ಥಿ. ಬಳ್ಳಾರಿ ಸೀಮೆಯ ಒಂದು ಗುಡ್ಡದ ಬುಡದಲ್ಲಿ ನವಶಿಲಾಯುಗದ ನೆಲೆಯೊಂದರ ಉತ್ಖನನಕ್ಕೆ ಹೋಗಿದ್ದೆ. ನನಗೆ ಬಂದ ಕೆಲಸ ಕಂಬದ ಕುಳಿಗಳನ್ನು ಗುರುತಿಸಿ ನಕ್ಷೆಗೆ ಇಳಿಸುವುದು.

ಕಂಬದ ಕುಳಿ ಎಂದರೆ ವಿಚಿತ್ರ ವಸ್ತು. ಮಡಕೆಯಂತೆ ಅದನ್ನು ಎತ್ತಿ ಕೈಯಲ್ಲಿ ಹಿಡಿಯಲಾಗದು. ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ನೆಲ ತೋಡಿ ಕಂಬ ನೆಟ್ಟರು. ಕಂಬ ಕೊಳೆಯಿತು, ಇಲ್ಲವೇ ಸುಟ್ಟಿತು. ಆ ಜಾಗಕ್ಕೆ ಬೇರೆ ಮಣ್ಣು ಇಳಿಯಿತು. ಇವತ್ತು ಕರಣೆಯಿಂದ ನೆಲ ಕೆರೆದು ಸ್ವಲ್ಪ ನೀರು ಚಿಮುಕಿಸಿದರೆ, ಆರುವಾಗ ಒಂದು ದುಂಡನೆಯ ಕಪ್ಪು ಕಲೆ ಕಾಣುತ್ತದೆ. ಅದನ್ನು ಸುತ್ತ ಅಳೆದು, ನಂಬರು ಕೊಟ್ಟು, ಮೊದಲು ಅರ್ಧ ಮಾತ್ರ ಅಗೆಯಬೇಕು. ಆಗ ಕುಳಿಯ ಸೀಳುನೋಟ ಸಿಗುತ್ತದೆ. ಗೋಡೆ ನೇರವಾಗಿದ್ದು, ಪಕ್ಕದಲ್ಲಿ ಕಂಬ ಅಲುಗದಂತೆ ತುರುಕಿದ ಕಲ್ಲುಗಳಿದ್ದರೆ ಅದು ಕಂಬದ್ದೇ ಎನ್ನಬಹುದು. ಅಡ್ಡಾದಿಡ್ಡಿ ಓಡಿದರೆ ಇಲಿಯದು. ಕವಲೊಡೆದು ಸಪೂರವಾದರೆ ಬೇರಿನದು. ಚಿತ್ರ ಬರೆದು ಫೋಟೊ ತೆಗೆದ ಮೇಲೆ ಉಳಿದರ್ಧ. ಅಷ್ಟರಲ್ಲಿ ಕುಳಿಯೊಳಗಿನ ಮಣ್ಣು ಮುಗಿದಿರುತ್ತದೆ. ಮತ್ತೊಬ್ಬರು ಬಂದು ಪರೀಕ್ಷಿಸಲು ಅಲ್ಲಿ ಏನೂ ಇರುವುದಿಲ್ಲ. ಅಗೆಯುವುದೆಂದರೆ ಪುಸ್ತಕವನ್ನು ಓದುತ್ತ ಓದುತ್ತ ಹಾಳೆ ಹರಿದು ಒಲೆಗೆ ಹಾಕಿದಂತೆ. ಬರೆದಿಟ್ಟುಕೊಂಡದ್ದೇ ಉಳಿಯುವುದು.

ಹೀಗೆ ಬರೆದಿಟ್ಟುಕೊಂಡದ್ದರಿಂದಲೇ ಕರ್ನಾಟಕದ ಮೊದಲ ಮನೆಗಳು ನಮಗೆ ಗೊತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಮರದ ಮನೆಗಳ ಗುರುತು ಸಿಕ್ಕಿದ್ದು ಕುಳಿಗಳಲ್ಲೇ. 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಸಂಗಡಿಗರು ತೆಕ್ಕಲಕೋಟೆಯ ಗುಡ್ಡದಲ್ಲಿ ದುಂಡು ಗುಡಿಸಲುಗಳ ನೆಲ ಕಂಡರು. ಗಡಿಯಾಚೆ, ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬದಲ್ಲಿ ರೇಮಂಡ್ ಆಲ್ಚಿನ್ 1957ರಲ್ಲಿ ಅಗೆದಾಗ ದನದ ದೊಡ್ಡಿಯ ಬೇಲಿಗೆ ನೆಟ್ಟ ಮರಗಳ ಕುಳಿಗಳು ಸಿಕ್ಕವು, ಜೊತೆಗೆ ದನಗಳ ಗೊರಸಿನ ಗುರುತುಗಳು. ಇದನ್ನು ಮೊದಲು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಸಂಜೆ ದೊಡ್ಡಿಗೆ ಮರಳಿದ ದನದ ಹೆಜ್ಜೆ ಇನ್ನೂ ಅಲ್ಲಿದೆ!

ನನ್ನ ಗುಂಡಿಯಲ್ಲಿ ಏಳು ಕುಳಿಗಳು ಸಿಕ್ಕವು, ಹೆಚ್ಚುಕಡಿಮೆ ಸಮಾನ ಅಂತರದಲ್ಲಿ, ದುಂಡಗೆ. ಎಂಟನೆಯದು ಇರಬೇಕಾದ ಜಾಗದಲ್ಲಿ ಮಾತ್ರ ಮಸುಕು ಮಣ್ಣು. ನೀರು ಚಿಮುಕಿಸಿದೆ, ಕೆರೆದೆ, ಬೆಳಗಿನ ಓರೆ ಬೆಳಕಿನಲ್ಲಿ ನೋಡಿದೆ. ಒಮ್ಮೆ ಇದ್ದಂತೆ, ಒಮ್ಮೆ ಇಲ್ಲದಂತೆ. ನಕ್ಷೆಯ ಹಾಳೆಯ ಮೇಲೆ ಏಳು ಸುತ್ತುಗಳು ಎಂಟನೆಯದಕ್ಕಾಗಿ ಕಾಯುತ್ತಿದ್ದವು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದಾಗ ಪೆನ್ಸಿಲಿನಿಂದ ಅದನ್ನೂ ಬರೆದೆ. ಉಳಿದವುಗಳ ಸರಾಸರಿ ಆಳ ನೋಡಿ ಅದಕ್ಕೊಂದು ಆಳವನ್ನೂ ಕೊಟ್ಟೆ. ಯಾರೂ ಕೇಳಲಿಲ್ಲ. ಋತು ಮುಗಿದ ಮೇಲೆ ಗುಂಡಿ ಮುಚ್ಚಿದರು. ನಕ್ಷೆಗೆ ಶಾಯಿ ಬಿತ್ತು.

ಎರಡು ದಿನ ಕಳೆದ ಮೇಲೆ, ನಮ್ಮ ಜೊತೆ ಮಣ್ಣು ಹೊರುತ್ತಿದ್ದ ಹಿರಿಯರೊಬ್ಬರು ನಕ್ಷೆಯನ್ನು ನೋಡಿದರು. ಅವರು ಗುಡಿಸಲು ಕಟ್ಟಿ ಬದುಕಿದವರು. ‘ಇಷ್ಟು ದುಂಡಗ ಯಾರು ಕಟ್ಟತಾರ? ಹಾರಿ ಹೋದಲ್ಲಿ ಕಂಬ. ಬಂಡಿ ಬಂದ್ರ ಅತ್ಲಾಗ ಸರಸತೀವಿ’ ಎಂದು ನಕ್ಕು ಹೋದರು. ನನ್ನ ಮೇಲೆ ಅವರಿಗೆ ಅನುಮಾನವಿರಲಿಲ್ಲ. ತಮ್ಮ ಅನುಭವ ಹೇಳಿದರಷ್ಟೇ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಒಂದು ಕುಳಿಯಿಂದ ಏನಾಗಿಬಿಡುತ್ತದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಊಹೆಯಿಲ್ಲದೆ ಇತಿಹಾಸವಿಲ್ಲ, ಸರಿ. ಏಳು ಕುಳಿ ನೋಡಿ ಗುಡಿಸಲು ಎನ್ನುವುದೂ ಊಹೆಯೇ. ಲಾಡ್ ಖಾನ್ ಗುಡಿಯ ಚಾವಣಿ ನೋಡಿದರೂ ಊಹೆ ಹುಟ್ಟುತ್ತದೆ. ಓರೆಯಾಗಿ ಹೊದಿಸಿದ ಚಪ್ಪಡಿಗಳ ಸಂದಿ ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ, ಮರದ ಪಟ್ಟಿ ಬಡಿದಂತೆ. ಮರದಲ್ಲಿ ಕಟ್ಟಿ ಪಳಗಿದ ಕೈಗಳು ಕಲ್ಲಿಗೆ ಬಂದಿರಬೇಕು ಎಂದು ಅಲ್ಲಿ ನಿಂತವರಿಗೆಲ್ಲ ಅನ್ನಿಸುತ್ತದೆ. ಹಾಗನ್ನಿಸುವುದು ತಪ್ಪಲ್ಲ. ಚಾವಣಿ ಅಲ್ಲೇ ಇದೆ. ಒಪ್ಪದವರು ಹೋಗಿ ನೋಡಿ ಜಗಳವಾಡಬಹುದು. ನಕ್ಷೆಯಲ್ಲೂ ಊಹೆಗೆ ಜಾಗವಿದೆ, ಅದನ್ನು ಚುಕ್ಕೆ ಗೆರೆಯಲ್ಲಿ ಬರೆಯುತ್ತಾರೆ. ಕಂಡದ್ದಕ್ಕೆ ಮಾತ್ರ ತುಂಬು ಗೆರೆ. ನಾನು ಚುಕ್ಕೆ ಹಾಕಬೇಕಾದಲ್ಲಿ ಗೆರೆ ಎಳೆದೆ, ಅದೂ ಯಾರೂ ಮತ್ತೆ ನೋಡಲಾಗದ ಜಾಗದಲ್ಲಿ.

ರವಿಕೀರ್ತಿಯ ಬಗ್ಗೆ ನಾನು ಸುಳ್ಳು ಹೇಳಿದರೆ ಅವನ ಶಾಸನವೇ ನನ್ನನ್ನು ಹಿಡಿಯುತ್ತದೆ. ಅವನು ತನ್ನ ಹೆಸರು, ತನ್ನ ಹೆಮ್ಮೆ ಎಲ್ಲವನ್ನೂ ಕಲ್ಲಿನಲ್ಲಿಟ್ಟು ಹೋದವನು. ಗುಡಿಸಲು ಕಟ್ಟಿದವರು ಒಂದು ಅಕ್ಷರ ಬಿಡಲಿಲ್ಲ. ಅವರ ಪರವಾಗಿ ಇದ್ದ ಒಂದೇ ಸಾಕ್ಷಿ ನೆಲ. ಅದನ್ನು ಅಗೆದು ಮುಗಿಸಿದ ಮೇಲೆ ಉಳಿದದ್ದು ನನ್ನ ಹಾಳೆ. ಎದುರು ಮಾತಾಡಲಾರದವರ ಬಗ್ಗೆ ಹೇಳುವಾಗಲೇ ನಮಗೆ ಸ್ವಾತಂತ್ರ್ಯ ಹೆಚ್ಚು. ನಮ್ಮ ಮೇಲಿನ ಋಣವೂ ಅಲ್ಲೇ ಹೆಚ್ಚು.

ಇದು ಉತ್ಖನನದ ಗುಂಡಿಗಷ್ಟೇ ಸಂಬಂಧಿಸಿದ ಮಾತಲ್ಲ. ಅಪ್ಪ ತೀರಿಕೊಂಡು ಮನೆ ಪಾಲು ಮಾಡುವಾಗ ನಾವು ನಾಲ್ವರು ಮಕ್ಕಳೂ ‘ಅಪ್ಪನ ಮನಸ್ಸಿನಲ್ಲಿ ಹೀಗಿತ್ತು’ ಎಂದೆವು. ಯಾರೂ ಸುಳ್ಳಾಡುತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ನಾಲ್ಕಾರು ಮಾತುಗಳ ನಡುವಿನ ಖಾಲಿ ಜಾಗವನ್ನು ಒಬ್ಬೊಬ್ಬರೂ ತಮಗೆ ಒಪ್ಪುವಂತೆ ತುಂಬಿಕೊಂಡಿದ್ದೆವು. ನನಗೆ ಹಾಗನ್ನಿಸುತ್ತದೆ ಎಂದು ಒಬ್ಬರು ಹೇಳಿದ್ದರೂ ಅಷ್ಟು ಜಗಳವಾಗುತ್ತಿರಲಿಲ್ಲ. ಎಲ್ಲರೂ ತುಂಬು ಗೆರೆಯಲ್ಲೇ ಮಾತಾಡಿದೆವು.

ಸುಂದರವಾದದ್ದಕ್ಕೆ ನಾನು ಸೋತೆ ಎಂದು ಈಗ ತಿಳಿಯುತ್ತದೆ. ಆ ನಕ್ಷೆಯಿಂದ ನನಗೆ ಹಣವಾಗಲೀ ಹೆಸರಾಗಲೀ ಬರುವಂತಿರಲಿಲ್ಲ. ಏಳು ಇದ್ದವು, ಎಂಟಾದರೆ ಚೆಂದ, ಅಷ್ಟೇ. ಎಂಟನೆಯ ಕಂಬ ಇದ್ದರೂ ಇದ್ದಿರಬಹುದು. ಅಲ್ಲಿ ಬಾಗಿಲಿದ್ದಿರಬಹುದು. ಕೆಳಗೆ ಬಂಡೆ ಬಂದು ಅತ್ತ ಸರಿಸಿರಲೂಬಹುದು. ನನ್ನ ಗೆರೆಯಿಂದಾಗಿ ಈ ಪ್ರಶ್ನೆಗಳನ್ನು ಯಾರೂ ಕೇಳುವಂತಿಲ್ಲ.

ಆ ಹುಡುಗಿ ಸಮಾಧಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನೆಲವನ್ನು ಬೆರಳಿನಿಂದ ಕೆರೆಯುತ್ತಿದ್ದಳು. ಅಲ್ಲಿ ಅಗೆಯುವಂತಿಲ್ಲ ಎಂದೆ. ‘ಅಗ್ಯಾಕತ್ತಿಲ್ಲ ಸರ್, ನೋಡಾಕತ್ತೀನಿ’ ಎಂದಳು.

ಊರಿಗೆ ಬಂದ ಮೇಲೆ ಒಂದು ಕಾಗದ ಬರೆದೆ. ಗುಂಡಿಯ ಸಂಖ್ಯೆ, ನಕ್ಷೆಯ ಸಂಖ್ಯೆ, ಆಮೇಲೆ ಒಂದೇ ಸಾಲು: ಎಂಟನೆಯ ಕುಳಿ ನಾನು ಕಂಡದ್ದಲ್ಲ, ಊಹಿಸಿದ್ದು; ದಯವಿಟ್ಟು ಈ ಹಾಳೆಯನ್ನು ನಕ್ಷೆಯ ಜೊತೆ ಇಡಿ. ಕಳಿಸಿ ಮೂರು ವಾರವಾಯಿತು. ಯಾರಾದರೂ ಆ ಕಡತ ಹುಡುಕಿ ತೆಗೆದು ಅದರೊಳಗೆ ಸೇರಿಸುತ್ತಾರೋ ಇಲ್ಲವೋ. ಮುಂದಿನ ವರ್ಷ ಮಕ್ಕಳನ್ನು ಗುಡ್ಡ ಹತ್ತಿಸಿದಾಗ ಈ ಕಥೆಯನ್ನೂ ಹೇಳಬೇಕೆಂದುಕೊಂಡಿದ್ದೇನೆ.