ಮುಪ್ಪಿನ ಕೈ ಮತ್ತು ನಮ್ಮ ತಾಳ್ಮೆ

ಮಹಾನವಮಿಯಂದು ನಾವು ಆಯುಧಗಳನ್ನು ಪೂಜಿಸುತ್ತೇವೆ. ಬಡಗಿಯು ಉಳಿಗೆ, ಚಾಲಕನು ವಾಹನಕ್ಕೆ, ನನ್ನಂತಹ ಬ್ಯಾಂಕ್ ಗುಮಾಸ್ತನು ಲೇಖನಿಗೆ ಅರಿಶಿನ ಕುಂಕುಮವಿಟ್ಟು ಕೈಮುಗಿಯುವುದು ವಾಡಿಕೆ. ಆದರೆ ಈ ಎಲ್ಲವನ್ನೂ ಹಿಡಿದು ನಡೆಸುವ ಮೊದಲ ಆಯುಧ ಕೈಯೇ ಎಂಬುದನ್ನು ನೆನೆಯುವವರು ವಿರಳ. ಆ ಕೈ ಮುಪ್ಪಿನಿಂದ ನಿಧಾನವಾದಾಗ, ಅದರ ಒಡೆಯನ ಬುದ್ಧಿಯೂ ಸಂಕಲ್ಪವೂ ಕುಂದಿದವೆಂದು ಎಣಿಸುವುದು ನ್ಯಾಯವೇ? ಈ ಪ್ರಶ್ನೆ ನನಗೆ ಗ್ರಂಥದಿಂದ ದೊರೆತುದಲ್ಲ. ಮುಂಬಯಿಯ ಬ್ಯಾಂಕೊಂದರ ಕೌಂಟರಿನಲ್ಲಿ ಎದುರಾದುದು.

ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳು, ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸುವ ಕಾಲ. ಎಂಬತ್ತು ದಾಟಿದ ಹಿರಿಯರೊಬ್ಬರು ಹಣ ಪಡೆಯುವ ಚೀಟಿಗೆ ಸಹಿ ಹಾಕಿದರು. ಅಕ್ಷರಗಳು ನಡುಗಿದ್ದವು, ಮಾದರಿ ಸಹಿಗೆ ಹೊಂದಲಿಲ್ಲ. ಮತ್ತೊಮ್ಮೆ ಹಾಕಿಸಿದೆ. ಅದು ಇನ್ನೂ ಕೆಟ್ಟಿತು. ಸಾಲಿನಲ್ಲಿದ್ದವರು ಗೊಣಗತೊಡಗಿದರು. “ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬನ್ನಿ” ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. “ಇದೇ ಸಹಿ ಹಾಕಿ ಮೂವತ್ತು ವರ್ಷ ಇತರರಿಗೆ ಸಂಬಳ ಕೊಟ್ಟೆನಪ್ಪಾ” ಎಂದಷ್ಟೇ ನುಡಿದು ಬೆಂಚಿನ ಮೇಲೆ ಕುಳಿತರು. ಮೇಲಧಿಕಾರಿಗಳು ಬಂದು ಅವರನ್ನು ಗುರುತಿಸಿ ಹಣ ಕೊಡಿಸಿದರು. ನನ್ನ ಮಾತು ಮಾತ್ರ ನನ್ನಲ್ಲೇ ಉಳಿಯಿತು.

ಆ ಬಳಿಕ ಈ ವಿಷಯವನ್ನು ಓದಿ ತಿಳಿಯಲು ಯತ್ನಿಸಿದೆ. ಸಹಿ ಎಂಬುದು ವೇಗದ ಚಲನೆ. ಇಂತಹ ಚಲನೆಯಲ್ಲಿ ಒಂದು ಸ್ನಾಯು ಸೆಳೆಯುತ್ತದೆ. ತಕ್ಕ ಕ್ಷಣದಲ್ಲಿ ಎದುರು ಸ್ನಾಯು ತಡೆಯುತ್ತದೆ. ಮೊದಲಿನದು ಮತ್ತೆ ಸೆಳೆದು ಸ್ಥಿರಗೊಳಿಸುತ್ತದೆ. ಇಷ್ಟೂ ನಡೆಯುವುದು ಕಣ್ಣೆವೆ ಇಕ್ಕುವಷ್ಟು ಹೊತ್ತಿನಲ್ಲಿ. ವಯಸ್ಸು ಏರಿದಂತೆ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಕೆಲವು ನಶಿಸುತ್ತವೆ. ಅವು ಅನಾಥವಾಗಿಸಿದ ಸ್ನಾಯುತಂತುಗಳಲ್ಲಿ ಹಲವನ್ನು ಉಳಿದ ನರಗಳು ವಹಿಸಿಕೊಳ್ಳುತ್ತವೆ, ಅವಿಭಕ್ತ ಕುಟುಂಬದ ಹಿರಿಯಣ್ಣನು ತೀರಿಕೊಂಡ ತಮ್ಮನ ಮಕ್ಕಳನ್ನೂ ಸಾಕುವಂತೆ. ಹೊರೆ ಹೆಚ್ಚಿದುದರಿಂದ ಚಲನೆಯ ನಯ ತಗ್ಗುತ್ತದೆ. ವೇಗದ ತಂತುಗಳೇ ಹೆಚ್ಚು ಸೊರಗುವುದರಿಂದ ಬಲಕ್ಕಿಂತ ಚುರುಕು ಬೇಗ ಇಳಿಯುತ್ತದೆ. ಎದುರುಬದುರಿನ ಸ್ನಾಯುಗಳು ಒಟ್ಟಿಗೆ ಬಿಗಿಯುವುದೂ ಹೆಚ್ಚು. ಆಗ ಕೈ ಗುರಿಯನ್ನು ಒಂದೇ ಬೀಸಿನಲ್ಲಿ ಮುಟ್ಟದೆ, ಸಣ್ಣ ಸಣ್ಣ ತಿದ್ದುಪಡಿಗಳಿಂದ ಸೇರುತ್ತದೆ. ಅಷ್ಟೇ ಅಲ್ಲ, ತಪ್ಪಬಾರದೆಂದು ಹಿರಿಯರು ವೇಗವನ್ನು ತಾವಾಗಿ ಬಿಟ್ಟುಕೊಡುವುದೂ ಉಂಟು. ನಾವು ಮಾಂದ್ಯವೆಂದು ಕರೆಯುವುದರಲ್ಲಿ ಒಂದು ಪಾಲು ಎಚ್ಚರಿಕೆಯೇ ಆಗಿದೆ.

ಇಲ್ಲೊಂದು ವಿಪರ್ಯಾಸವಿದೆ. ನಿಧಾನವಾಗಿ ಬರೆದ, ನಡುಗುವ ಗೆರೆಯು ಖೋಟಾ ಸಹಿಯ ಲಕ್ಷಣಗಳಲ್ಲಿ ಒಂದು. ವಂಚಕನು ಸಹಿಯನ್ನು ಬರೆಯುವುದಿಲ್ಲ, ನೋಡಿ ಚಿತ್ರಿಸುತ್ತಾನೆ. ಹೀಗಾಗಿ ಪ್ರಾಮಾಣಿಕನಾದ ವೃದ್ಧನ ಕೈಯೇ ವಂಚಕನ ಕೈಯಂತೆ ತೋರುತ್ತದೆ! ಸಂಶಯಪಡುವುದು ಗುಮಾಸ್ತನ ಕರ್ತವ್ಯ. ಆ ಹಣವನ್ನು ಕಾಯುವುದೂ ಆ ಹಿರಿಯರ ಸೇವೆಯೇ. ಸಹಿ ಹಾಕಲಾರದ ವೃದ್ಧರಿಂದ ಇಬ್ಬರು ಸಾಕ್ಷಿಗಳ ಗುರುತಿನೊಡನೆ ಹೆಬ್ಬೆರಳ ಗುರುತು ಪಡೆಯುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕಲ್ಪಿಸಿದೆ. ಆದುದರಿಂದ ನನ್ನ ತಪ್ಪು ತಡೆದುದರಲ್ಲಿ ಇರಲಿಲ್ಲ, ಹಂಗಿಸಿದುದರಲ್ಲಿ ಇತ್ತು.

ಹಂಗಿಸುವಷ್ಟೇ ಇನ್ನೊಂದು ತಪ್ಪನ್ನೂ ನಾವು ಮನೆಗಳಲ್ಲಿ ಮಾಡುತ್ತೇವೆ. ತಾಯಿ ಹೂವಿನ ಮಾಲೆ ಕಟ್ಟಲು ತಡವಾದರೆ, “ನೀನು ಕೂತಿರು” ಎಂದು ಕೈಯಿಂದ ಕಿತ್ತುಕೊಳ್ಳುತ್ತೇವೆ. ಇದು ಪ್ರೀತಿಯಂತೆ ತೋರುವ ಅವಸರ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತೊಂಬತ್ತರ ಆಸುಪಾಸಿನ ಕೆಲವು ವೃದ್ಧರು ಎಂಟು ವಾರ ಭಾರದ ವ್ಯಾಯಾಮ ಮಾಡಿದಾಗ, ಅವರ ಕಾಲುಗಳ ಬಲ ಸರಾಸರಿಯಲ್ಲಿ ಇಮ್ಮಡಿಗೂ ಮಿಕ್ಕಿ ಬೆಳೆಯಿತು. ಮುದಿ ಸ್ನಾಯುವೂ ಕಲಿಯಬಲ್ಲದು. ನಾವು ಕೆಲಸ ಕಿತ್ತುಕೊಂಡಾಗ ಆ ಅವಕಾಶವನ್ನೂ ಕಿತ್ತುಕೊಳ್ಳುತ್ತೇವೆ.

ಯೌವನದ ವೇಗ ನಾವು ಗಳಿಸಿದ ಪುಣ್ಯವಲ್ಲ, ಕೆಲಕಾಲದ ಕಡ. ನಲವತ್ತೈದರ ನನ್ನ ಬೆರಳುಗಳೂ ನೋಟಿನ ಕಂತೆಯನ್ನು ಮೊದಲಿನಂತೆ ಎಣಿಸುತ್ತಿಲ್ಲ. ದೇವೀ ಮಹಾತ್ಮೆಯು ಜಗನ್ಮಾತೆಯನ್ನು ಸರ್ವಜೀವಿಗಳಲ್ಲಿ ನೆಲೆಸಿದ ಶಕ್ತಿ ಎಂದು ಸ್ತುತಿಸುತ್ತದೆ. ಅದೇ ಸ್ತುತಿಯಲ್ಲಿ ಕ್ಷಾಂತಿ, ಎಂದರೆ ತಾಳ್ಮೆ, ಎಂದೂ ನಮಿಸುತ್ತದೆ. ಹಿರಿಯರ ಕೈಯಿಂದ ಶಕ್ತಿರೂಪಿಣಿಯು ಮೆಲ್ಲನೆ ಸರಿಯುವಾಗ, ಎದುರು ನಿಂತ ನಮ್ಮಲ್ಲಿ ಕ್ಷಾಂತಿರೂಪಿಣಿಯಾಗಿ ಆಕೆ ನೆಲೆಸಲಿ. ಈ ನವಮಿಯಂದು ಲೇಖನಿಗೆ ಕುಂಕುಮವಿಟ್ಟ ಮೇಲೆ, ತಾಯಿಯು ಮಾಲೆ ಕಟ್ಟಿ ಮುಗಿಸುವವರೆಗೂ ಮಂಗಳಾರತಿಯನ್ನು ತಡೆಹಿಡಿದು ಕಾಯಬೇಕೆಂದು ನಿಶ್ಚಯಿಸಿದ್ದೇನೆ.