ಶರಣಾಗತಿ: ಭಾರ ಇಳಿಸಿ ನಡೆಯುವ ದಾರಿ

ಆಪತ್ತು ಎದುರಾದಾಗ ‘ಇನ್ನು ದೇವರೇ ಗತಿ’ ಎನ್ನುತ್ತೇವೆ. ಸೋತು ಕೂತವರ ಮಾತಿನಂತೆ ಕೇಳಿಸುವ ಇದನ್ನು ಶ್ರೀವೈಷ್ಣವ ಸಂಪ್ರದಾಯ ಒಂದು ಸಾಧನಮಾರ್ಗವಾಗಿಯೇ ಬೆಳೆಸಿತು. ಅದೇ ಶರಣಾಗತಿ, ಇನ್ನೊಂದು ಹೆಸರು ಪ್ರಪತ್ತಿ. ಶರಣವೆಂದರೆ ಆಶ್ರಯ, ಆಗತಿಯೆಂದರೆ ಬಂದು ಸೇರುವುದು.

ಇದಕ್ಕೆ ಆರು ಅಂಗಗಳು: ದೇವರು ಮೆಚ್ಚುವಂತೆ ನಡೆಯುವ ಸಂಕಲ್ಪ, ಮೆಚ್ಚದ್ದನ್ನು ಬಿಡುವುದು, ಕಾಯುತ್ತಾನೆಂಬ ದೃಢ ವಿಶ್ವಾಸ, ‘ನೀನೇ ಕಾಯಬೇಕು’ ಎಂಬ ಬೇಡಿಕೆ, ತನ್ನನ್ನು ಒಪ್ಪಿಸಿಕೊಳ್ಳುವುದು, ಮತ್ತು ಕಾರ್ಪಣ್ಯ, ಅಂದರೆ ತನ್ನ ಬಲ ಸಾಲದೆಂಬ ಅರಿವು. ಮೊದಲ ಎರಡೂ ನಡತೆಗೆ ಸಂಬಂಧಿಸಿದವು. ಕಣ್ಣು ಮುಚ್ಚಿ ಕೂರುವವರಿಗೆ ಇಲ್ಲಿ ಪ್ರವೇಶದ ಬಾಗಿಲೇ ಇಲ್ಲ.

ಹಾಗಾದರೆ ರಕ್ಷಣೆಯಲ್ಲಿ ಭಕ್ತನ ಪಾಲೆಷ್ಟು? ಇದಕ್ಕೆ ಎರಡು ಹೋಲಿಕೆಗಳಿವೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಈ ಸಂಪ್ರದಾಯದ ಇಬ್ಬರು ಆಚಾರ್ಯರಲ್ಲಿ ವೇದಾಂತ ದೇಶಿಕರ ಪರಂಪರೆಯನ್ನು ಮರ್ಕಟ ನ್ಯಾಯದಿಂದಲೂ, ಪಿಳ್ಳೈ ಲೋಕಾಚಾರ್ಯರ ಪರಂಪರೆಯನ್ನು ಮಾರ್ಜಾಲ ನ್ಯಾಯದಿಂದಲೂ ವಿವರಿಸುವುದು ವಾಡಿಕೆ.

ಈ ತತ್ತ್ವಕ್ಕೆ ಒರೆಗಲ್ಲಾಗಿ ಬಂದದ್ದು 1323ರ ಸುಮಾರಿಗೆ ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದ ಹೊತ್ತು. ಸಂಪ್ರದಾಯದ ಕಥನದಂತೆ, ಇಳಿವಯಸ್ಸಿನ ಲೋಕಾಚಾರ್ಯರು ರಂಗನಾಥನ ಉತ್ಸವಮೂರ್ತಿಯೊಂದಿಗೆ ದಕ್ಷಿಣಕ್ಕೆ ಹೊರಟು ದಾರಿಯಲ್ಲೇ ದೇಹ ಬಿಟ್ಟರು. ದೇಶಿಕರು ಹೆಣಗಳ ನಡುವೆ ಅಡಗಿ, ಶ್ರೀವೈಷ್ಣವರ ಪ್ರಮುಖ ಗ್ರಂಥ ಶ್ರೀಭಾಷ್ಯದ ವ್ಯಾಖ್ಯಾನವಾದ ‘ಶ್ರುತಪ್ರಕಾಶಿಕೆ’ಯ ಪ್ರತಿಯನ್ನು ಉಳಿಸಿಕೊಂಡು ಕನ್ನಡ ನಾಡಿಗೆ ಬಂದರು; ಮೇಲುಕೋಟೆ ಅವರಿಗೆ ಆಸರೆಯಾಯಿತು. ಭಯ ನೀಗುವಂತೆ ರಂಗನಾಥನನ್ನು ಬೇಡುವ ‘ಅಭೀತಿಸ್ತವ’ ಆ ಅಜ್ಞಾತವಾಸದ ಕೃತಿ ಎನ್ನುತ್ತಾರೆ.

ತಾಯಿಯೇ ಮರಿಯನ್ನು ಹೊತ್ತೊಯ್ಯುತ್ತಾಳೆಂದು ಕಲಿಸಿದ ಗುರುವೇ ಗಂಡಾಂತರದಲ್ಲಿ ದೇವರನ್ನು ಕಾಪಾಡಲು ಹೊರಟರು. ನನಗಿದು ವಿರೋಧವಾಗಿ ಕಾಣುವುದಿಲ್ಲ. ಶರಣಾದವರು ಇಳಿಸುವುದು ಕೆಲಸವನ್ನಲ್ಲ. ‘ಎಲ್ಲವೂ ನನ್ನಿಂದಲೇ ಉಳಿಯಬೇಕು’ ಎಂಬ ಭಾರವನ್ನು. ಆ ಭಾರ ಇಳಿದಾಗಲೇ ನಡುಗುವ ಕಾಲಿಗೂ ನಡಿಗೆ ಬರುತ್ತದೆ.

ಮೂರ್ತಿ ಶ್ರೀರಂಗಕ್ಕೆ ಮರಳಿದ್ದು 1371ರಲ್ಲಿ, ವಿಜಯನಗರದ ಅಧಿಕಾರಿ ಗೋಪಣ್ಣನಿಂದ. ಅದನ್ನು ಕಾಣಲು ಲೋಕಾಚಾರ್ಯರು ಇರಲಿಲ್ಲ. ಪ್ರಾಣ ಉಳಿಯುವುದೊಂದೇ ರಕ್ಷಣೆಯಾಗಿದ್ದರೆ ಅವರ ಶರಣಾಗತಿ ಸೋತಿತೆನ್ನಬೇಕಾಗುತ್ತಿತ್ತು. ತಾವು ನೋಡದ ನಾಳೆಯನ್ನು ದೇವರ ಕೈಗಿತ್ತು ಹೆಜ್ಜೆ ಹಾಕಿದರಲ್ಲ, ಆ ನಿರ್ಭಯವೇ ಅವರಿಗೆ ದೊರೆತ ಅಭಯ.