ಬಾವಿ ದಾಟಿ ಎಡಕ್ಕ

ನಮ್ಮವ್ವ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಮನೆ ಎಲ್ಲಿ ಎಂದು ಕೇಳಿದರೆ ಇಂದಿಗೂ ಸೆಕ್ಟರ್ ನಂಬರ್ ಹೇಳುವುದಿಲ್ಲ. ‘ಕಿಲ್ಲಾದಾಗ, ಬಾವಿ ದಾಟಿ ಎಡಕ್ಕ’ ಅನ್ನುತ್ತಾಳೆ. ಹಳೇ ಊರಿನ ಆ ಬಾವಿ ಈಗ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿದೆ.

ಬಸವಣ್ಣ ನಿಂತ ಸ್ಥಾವರಕ್ಕಿಂತ ನಡೆಯುವ ಜಂಗಮವನ್ನು ಮೇಲಿಟ್ಟ. ಹಾಗಾದರೆ ಓಣಿಗಾಗಿ ಅಳುವ ಅವ್ವನದು ಅಜ್ಞಾನವೇ? ಈ ಪ್ರಶ್ನೆ ಹೊತ್ತು ಹುನಗುಂದದ ಕಡೆಯಿಂದ ಕೂಡಲಸಂಗಮಕ್ಕೆ ಹೋಗಿದ್ದೆ. ಅಲ್ಲಿ ಹಿನ್ನೀರು ಬಂದಾಗ ಬಸವಣ್ಣನ ಐಕ್ಯಮಂಟಪವನ್ನು ಕಿತ್ತು ಒಯ್ಯಲಿಲ್ಲ. ಸುತ್ತ ಗೋಡೆ ಕಟ್ಟಿದರು, ನಾವು ಮೆಟ್ಟಿಲಿಳಿದು ಹೋಗುತ್ತೇವೆ. ಅಂದರೆ ಜಾಗಕ್ಕೂ ಬೆಲೆಯಿದೆ ಎಂದು ಎಲ್ಲರೂ ಒಪ್ಪಿದ್ದರು. ಅವ್ವನ ಬಾವಿಗೆ ಆ ಮಾನ ಸಿಗಲಿಲ್ಲ, ಅದರ ಕತೆಯನ್ನು ಯಾರೂ ಕೇಳಿರಲಿಲ್ಲ.

ನವನಗರವನ್ನು ಯೋಜಿಸಿದವರು ಚಾರ್ಲ್ಸ್ ಕೊರಿಯಾರಂಥ ದೊಡ್ಡ ವಾಸ್ತುಶಿಲ್ಪಿ. ರಸ್ತೆಗಳು ಅಗಲ, ಗಾಳಿ ಬೆಳಕು ಧಾರಾಳ. ಆದರೆ ಹೋಳಿಯ ಬಣ್ಣದ ಬಂಡಿ ಯಾವ ಮೂಲೆಯಲ್ಲಿ ನಿಲ್ಲುತ್ತಿತ್ತು, ಹಲಗಿಯ ಸದ್ದಿಗೆ ಯಾವ ಕಟ್ಟೆ ತುಂಬುತ್ತಿತ್ತು ಎಂಬುದು ಅಳತೆಪಟ್ಟಿಗೆ ಸಿಗದು. ಅದು ಬಾಯಿಂದ ಬಾಯಿಗೆ ನಡೆಯುವಂಥದ್ದು. ಊರಿನಲ್ಲಿ ಜಂಗಮವಾದದ್ದು ಅದೇ ಎಂದು ನನಗನಿಸುತ್ತದೆ: ಬಾವಿ ಮುಳುಗಿತು, ‘ಎಡಕ್ಕ’ ಎಂಬ ದಾರಿ ಅವ್ವನ ಜೊತೆ ಬಂತು.

ಆಲಮಟ್ಟಿ ಜಲಾಶಯದ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದು ಏರಿದರೆ ಇನ್ನಷ್ಟು ಓಣಿಗಳು ಜಾಗ ಬಿಟ್ಟು ಏಳಬೇಕು. ನಕ್ಷೆ ಬಿಡಿಸುವವರು ಮೊದಲು ಒಂದು ಸಂಜೆ ಆ ಕಟ್ಟೆಗಳ ಮೇಲೆ ಕೂತು, ಯಾರ ಮನೆಯಿಂದ ಯಾರ ಮನೆಗೆ ಮಜ್ಜಿಗೆ ಹೋಗುತ್ತದೆ ಎಂದು ಕೇಳಲಿ. ಅವ್ವ ಹೇಳಲು ತಯಾರಿದ್ದಾಳೆ.